ಒಂದಾಣೆಯ ಗಾಡಿ: ಮುಂಬಯಿ ಟ್ರಾಮಿನ ಚರಿತ್ರೆ ಮತ್ತು ಹಾದಿ

ದಾದರಿನ ಪೂರ್ವ ಭಾಗದಲ್ಲಿ ಹಲವು ರಸ್ತೆಗಳು ಕೂಡುವ ಒಂದು ವೃತ್ತವಿದೆ. ಅದರ ಹೆಸರು ಖೋದಾದಾದ್ ಸರ್ಕಲ್. ಆದರೆ ಜನರ ಬಾಯಲ್ಲಿ ಅದು ಇಂದಿಗೂ 'ದಾದರ್ ಟಿ.ಟಿ.' ದಿನವೂ ಆ ಹೆಸರು ಹೇಳಿ ಬಸ್ಸಿನ ಟಿಕೀಟು ಕೊಳ್ಳುವ ಎಷ್ಟೋ ಮಂದಿಗೆ ಆ ಎರಡು ಅಕ್ಷರಗಳ ಅರ್ಥ ತಿಳಿಯದು. ಅವು 'ಟ್ರಾಮ್ ಟರ್ಮಿನಸ್' ಎಂಬುದರ ಮೊದಲಕ್ಷರಗಳು. ಎಂದರೆ ಟ್ರಾಮು ಗಾಡಿಯ ಕೊನೆಯ ನಿಲ್ದಾಣ. ಗಾಡಿ ನಿಂತು ಅರುವತ್ತು ವರ್ಷಗಳು ಕಳೆದರೂ ಹೆಸರು ಮಾತ್ರ ಉಳಿದುಕೊಂಡಿದೆ. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ನಾವು, ನಮಗಿಂತ ಮುಂಚೆ ಬಂದವರು ಯಾವ ಗಾಡಿಯಲ್ಲಿ, ಎಷ್ಟು ಕಾಸು ಕೊಟ್ಟು, ಯಾವ ಹಾದಿಯಲ್ಲಿ ಓಡಾಡಿದರೆಂಬುದನ್ನು ಅರಿತಿರುವುದು ಒಳ್ಳೆಯದು.

ಟ್ರಾಮು ಎಂದರೇನು?

ರೈಲಿಗೆ ತನ್ನದೇ ಆದ ಪ್ರತ್ಯೇಕ ದಾರಿಯುಂಟು. ಟ್ರಾಮಿಗೆ ಅದಿಲ್ಲ. ಜನರೂ ಎತ್ತಿನ ಗಾಡಿಗಳೂ ನಡೆಯುವ ಬೀದಿಯಲ್ಲೇ, ನೆಲದ ಮಟ್ಟಕ್ಕೆ ಸಮನಾಗಿ ಹೂತ ಹಳಿಗಳ ಮೇಲೆ ಅದು ಓಡುತ್ತದೆ. ಕಲ್ಲುಮಣ್ಣಿನ ರಸ್ತೆಯಲ್ಲಿ ಚಕ್ರ ಉರುಳಲು ಬಹಳ ಬಲ ಬೇಕು. ನುಣುಪಾದ ಉಕ್ಕಿನ ಮೇಲೆ ಉಕ್ಕಿನ ಚಕ್ರ ಉರುಳಲು ಸ್ವಲ್ಪ ಬಲ ಸಾಕು. ಆದುದರಿಂದ ಬಾಡಿಗೆ ಗಾಡಿಯಲ್ಲಿ ಮೂರು ನಾಲ್ಕು ಮಂದಿಯನ್ನು ಎಳೆಯುವ ಕುದುರೆಗಳೇ ಹಳಿಯ ಮೇಲಾದರೆ ಒಂದು ಗುಂಪನ್ನೇ ಎಳೆಯಬಲ್ಲವು. ಹೆಚ್ಚು ಜನರು ಹಂಚಿಕೊಂಡಾಗ ಒಬ್ಬೊಬ್ಬನ ಖರ್ಚು ಇಳಿಯುತ್ತದೆ. ಟ್ರಾಮಿನ ಗುಟ್ಟೆಲ್ಲ ಇಷ್ಟೆ.

ಕುದುರೆಗಳ ಕಾಲ

ಮುಂಬಯಿಯಲ್ಲಿ ಟ್ರಾಮು ಕಂಪೆನಿ ಸ್ಥಾಪನೆಯಾದದ್ದು 1873ರಲ್ಲಿ. 1874ನೆಯ ಇಸವಿ ಮೇ 9ರಂದು ಮೊದಲ ಗಾಡಿಗಳು ಹೊರಟವು. ಆರಂಭದ ಹಾದಿಗಳು ಎರಡು. ಒಂದು ಕುಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ಟಿನ ಮೂಲಕ ಪಾಯಧುನಿಗೆ. ಮತ್ತೊಂದು ಬೋರಿಬಂದರದಿಂದ ಕಾಳಬಾದೇವಿಯ ಮೂಲಕ ಅದೇ ಪಾಯಧುನಿಗೆ. ಪಾಯಧುನಿ ಎಂದರೆ ಕಾಲು ತೊಳೆಯುವ ಸ್ಥಳ. ಹಿಂದೆ ಅಲ್ಲಿ ಹಿನ್ನೀರು ದಾಟಿ ಬಂದವರು ಕಾಲು ತೊಳೆದುಕೊಳ್ಳುತ್ತಿದ್ದರಂತೆ. ದಕ್ಷಿಣದಲ್ಲಿ ಕಚೇರಿಗಳು, ಉತ್ತರದಲ್ಲಿ ಜನ ಕಿಕ್ಕಿರಿದ ಪೇಟೆ. ಇವೆರಡನ್ನು ಈ ಹಳಿಗಳು ಹೊಲಿದು ಸೇರಿಸಿದುವು.

ನೂರಾರು ಕುದುರೆಗಳಿಗೆ ಲಾಯ ಬೇಕು, ಹುಲ್ಲು ಬೇಕು, ಲಾಳ ಬೇಕು, ವಿಶ್ರಾಂತಿಯೂ ಬೇಕು. ಬೇಸಗೆಯ ಬಿಸಿಲಿನಲ್ಲಿ ಅವು ಬೇಗ ಬಳಲುತ್ತಿದ್ದುವು. ಗಾಡಿಗಳು ಹೆಚ್ಚಿದಂತೆಲ್ಲ ಕುದುರೆಗಳೂ ಹೆಚ್ಚಬೇಕಾದುದರಿಂದ ಈ ವ್ಯವಸ್ಥೆ ಒಂದು ಮಿತಿಯನ್ನು ಮೀರಿ ಬೆಳೆಯುವಂತಿರಲಿಲ್ಲ.

ಒಂದಾಣೆಯ ಲೆಕ್ಕ

ಕುಲಾಬಾದಿಂದ ಪಾಯಧುನಿಗೆ ಮೊದಲಿದ್ದ ದರ ಮೂರಾಣೆ. ಮುಂದೆ ಅದು ಎರಡಾಣೆಗೆ ಇಳಿಯಿತು. 1899ರಲ್ಲಿ, ಎಷ್ಟು ದೂರ ಹೋದರೂ ಒಂದೇ ಆಣೆ ಎಂದು ಗೊತ್ತುಮಾಡಿದರು. ಚರಿತ್ರೆಯ ಪುಸ್ತಕಗಳಲ್ಲಿ ಇದು ಒಂದು ಸಾಲಿನ ಸಂಗತಿ. ಆದರೆ ಗಿರಣಿಯಲ್ಲಿ ಕುಳಿತು ಲೆಕ್ಕ ಬರೆಯುವ ನನ್ನಂಥವನಿಗೆ ಇದೇ ಮುಖ್ಯವಾದ ಸಂಗತಿಯಾಗಿ ಕಾಣುತ್ತದೆ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 26 ದಿನ ಕೆಲಸ, ದಿನಕ್ಕೆ ಹೋಗಿಬರುವ ಎರಡು ಸಲ ಎಂದರೆ 52 ಪ್ರಯಾಣಗಳು. ಮೂರಾಣೆಯಂತೆ 156 ಆಣೆ, ಎಂದರೆ 9 ರೂಪಾಯಿ 12 ಆಣೆ. ಒಂದಾಣೆಯಂತೆ 52 ಆಣೆ, ಎಂದರೆ 3 ರೂಪಾಯಿ 4 ಆಣೆ. ತಿಂಗಳಿಗೆ ಉಳಿಯುವುದು ಆರೂವರೆ ರೂಪಾಯಿ. ಆ ಕಾಲದ ಬಡ ನೌಕರನಿಗೆ ಮೊದಲನೆಯ ದರವಿದ್ದಾಗ ಕಾಲುನಡಿಗೆಯೇ ಗತಿ; ಕೆಲಸದ ಹತ್ತಿರವೇ ಎಷ್ಟು ಕತ್ತಲೆಯ ಕೋಣೆಯಾದರೂ ಸರಿ, ಹತ್ತು ಮಂದಿಯೊಡನೆ ಅದರಲ್ಲಿ ಮಲಗಬೇಕು. ಎರಡನೆಯ ದರದಲ್ಲಾದರೆ ಸ್ವಲ್ಪ ದೂರದಲ್ಲಿ, ಗಾಳಿ ಬೆಳಕಿರುವಲ್ಲಿ ಬಿಡಾರ ಹೂಡುವ ಯೋಚನೆ ಮಾಡಬಹುದು. ಹಳಿ ಹಾಕಿದ ಮಾತ್ರಕ್ಕೆ ಬಡವನಿಗೆ ದಾರಿ ತೆರೆಯುವುದಿಲ್ಲ. ಅವನ ಕೈಗೆಟುಕುವ ದರವೇ ಆ ದಾರಿಯ ಬಾಗಿಲು.

ವಿದ್ಯುತ್ತಿನ ಕಾಲ

1905ರಲ್ಲಿ ವಿದ್ಯುಚ್ಛಕ್ತಿ ಮತ್ತು ಟ್ರಾಮು ಎರಡನ್ನೂ ನಡೆಸುವ ಹೊಸ ಕಂಪೆನಿಯೊಂದು ಹಳೆಯದರ ಸ್ಥಾನಕ್ಕೆ ಬಂದಿತು. ಅದೇ ವರ್ಷ ವಾಡಿಬಂದರದಲ್ಲಿ ವಿದ್ಯುದಾಗಾರ ಕೆಲಸಕ್ಕೆ ತೊಡಗಿತು. 1907ನೆಯ ಮೇ 7ರಂದು ಮೊದಲ ವಿದ್ಯುತ್ ಟ್ರಾಮು ಮುನಿಸಿಪಾಲಿಟಿಯ ಕಚೇರಿಯಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಓಡಿತು. ಬೀದಿಯ ಮೇಲೆ ಎಳೆದ ತಂತಿಯಿಂದ ಗಾಡಿಯ ನೆತ್ತಿಯ ಕೋಲು ವಿದ್ಯುತ್ತನ್ನು ಪಡೆಯುತ್ತಿತ್ತು. ಅದು ಮೋಟರನ್ನು ತಿರುಗಿಸಿ ಹಳಿಯ ಮೂಲಕ ಹಿಂದಿರುಗುತ್ತಿತ್ತು. 1920ರಲ್ಲಿ ಎರಡಂತಸ್ತಿನ ಗಾಡಿಗಳು ಬಂದುವು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಎಂಟು ದಿನ ಮುಂಚೆ, ಈ ಸೇವೆ ನಗರಸಭೆಯ ವಶವಾಯಿತು. ಇಂದು ಬಸ್ಸುಗಳನ್ನು ನಡೆಸುವ 'ಬೆಸ್ಟ್' ಸಂಸ್ಥೆ ಇದೇ.

ದಾದರಿನ ಹಾದಿ ನಮ್ಮವರಿಗೆ ವಿಶೇಷವಾಗಿ ಒದಗಿದ ಹಾದಿ. ಬೋರಿಬಂದರದಿಂದ ಹೊರಟರೆ ಕ್ರಾಫರ್ಡ್ ಮಾರ್ಕೆಟ್, ಭಾಯಖಳ, ಲಾಲ್‌ಬಾಗ್, ಪರೇಲ್, ಕೊನೆಗೆ ದಾದರ್. ಮೊದಲು ಪೇಟೆ, ಆಮೇಲೆ ಗಿರಣಿಗಳ ಚಿಮಣಿಗಳು, ಆಮೇಲೆ ಹೊಸ ಬಡಾವಣೆ. 1898ರಲ್ಲಿ ಸ್ಥಾಪಿತವಾದ ನಗರಸುಧಾರಣೆಯ ಟ್ರಸ್ಟು ದಾದರ್ ಮಾಟುಂಗಾಗಳಲ್ಲಿ ಅಗಲವಾದ ಬೀದಿಗಳನ್ನು ಯೋಜಿಸಿತು. ದಕ್ಷಿಣದಿಂದ ಬಂದ ನೌಕರ ಕುಟುಂಬಗಳು ಅಲ್ಲಿ ನೆಲಸಿದುವು. ಮೈಸೂರು ಅಸೋಸಿಯೇಶನ್ ಮಾಟುಂಗಾದಲ್ಲಿರುವುದು ಆಕಸ್ಮಿಕವಲ್ಲ. ಇದಕ್ಕೆಲ್ಲ ಟ್ರಾಮೊಂದೇ ಕಾರಣವೆನ್ನಲಾಗದು. ಲೋಕಲ್ ರೈಲಿನ ಪಾಲು ದೊಡ್ಡದು. ಆದರೂ ಫೋರ್ಟಿನ ಕಚೇರಿಗೂ ದಾದರಿನ ಮನೆಗೂ ನಡುವೆ ಟ್ರಾಮು ಒಂದು ಅಗ್ಗದ ಸೇತುವೆಯಾಗಿತ್ತು.

ಹಳಿ ತೆಗೆದ ಕಥೆ

1926ರ ಜುಲೈ 15ರಂದು ಬಸ್ಸು ಬಂದಿತು. ಬಸ್ಸು ಬೇಕಾದಲ್ಲಿ ತಿರುಗಬಲ್ಲದು, ಅಡ್ಡ ಬಂದುದನ್ನು ಬಳಸಿ ಹೋಗಬಲ್ಲದು. ಟ್ರಾಮು ಹಾಗಲ್ಲ, ಒಂದು ಗಾಡಿ ಕೆಟ್ಟು ನಿಂತರೆ ಹಿಂದಿನವೆಲ್ಲ ಸಾಲಾಗಿ ನಿಲ್ಲಬೇಕು. ಮೋಟಾರುಗಳು ಹೆಚ್ಚಿದಂತೆ ಬೀದಿಯ ನಡುವಣ ಹಳಿ ಅಡ್ಡಿಯೆನಿಸಿತು. 1953ರಿಂದ ಒಂದೊಂದಾಗಿ ಹಾದಿಗಳನ್ನು ಮುಚ್ಚಿದರು. 1964ರ ಮಾರ್ಚ್ 31ರ ರಾತ್ರಿ ಕೊನೆಯ ಟ್ರಾಮು ಬೋರಿಬಂದರದಿಂದ ದಾದರಿಗೆ ಹೋಯಿತು. ಗಾಡಿಯ ತುಂಬ ಜನ. ಬೀದಿಯ ಎರಡು ಬದಿಗಳಲ್ಲಿ ಬೀಳ್ಕೊಡಲು ನಿಂತವರು ಇನ್ನೂ ಹೆಚ್ಚು. ಬೇರೆ ನಗರಗಳಲ್ಲಿಯೂ ಇದೇ ಗತಿ: 1895ರಲ್ಲಿ ಆರಂಭವಾದ ಮದರಾಸಿನ ವಿದ್ಯುತ್ ಟ್ರಾಮು 1953ರಲ್ಲಿಯೂ, 1908ರಲ್ಲಿ ಆರಂಭವಾದ ದಿಲ್ಲಿಯದು 1963ರಲ್ಲಿಯೂ ನಿಂತುವು.

ಹಳಿ ತೆಗೆದರೆ ದಟ್ಟಣೆ ಕಡಮೆಯಾಗುವುದೆಂಬ ಆಸೆ ಫಲಿಸಲಿಲ್ಲವೆಂಬುದನ್ನು ಲಾಲ್‌ಬಾಗಿನಲ್ಲಿ ಸಂಜೆ ನಿಂತವರಿಗೆ ಬೇರೆ ಹೇಳಬೇಕಾಗಿಲ್ಲ. ನಗರ ಮತ್ತೆ ಹಳಿಯ ಕಡೆಗೇ ತಿರುಗಿದೆ. 2025ರ ಅಕ್ಟೋಬರಿನಲ್ಲಿ ಕಫ್ ಪರೇಡಿನವರೆಗೆ ಪೂರ್ಣವಾದ ಭೂಗತ ಮೆಟ್ರೋ ಮಾರ್ಗಕ್ಕೆ ಹುತಾತ್ಮ ಚೌಕ, ಬೋರಿಬಂದರ, ಕಾಳಬಾದೇವಿಗಳಲ್ಲಿ ನಿಲ್ದಾಣಗಳಿವೆ. ಕುದುರೆ ಎಳೆದ ಗಾಡಿ ಮೇಲೆ ಓಡಿದ ಪೇಟೆಗಳಲ್ಲೇ ಇಂದು ನೆಲದಡಿಯಲ್ಲಿ ರೈಲು ಓಡುತ್ತದೆ. ಅದು ಆರಂಭವಾದಾಗಿನ ದರ 10 ರೂಪಾಯಿಯಿಂದ 70 ರೂಪಾಯಿವರೆಗೆ. ಅದು ವೇಗದ ಗಾಡಿ, ತಂಪಾದ ಗಾಡಿ, ಸಂತೋಷವೇ. ಆದರೆ ಒಂದಾಣೆಯ ಪ್ರಶ್ನೆಯನ್ನು ಪ್ರತಿಯೊಂದು ಹೊಸ ಗಾಡಿಗೂ ಹಾಕಬೇಕು: ಹೋಟೆಲಿನ ಹುಡುಗನೂ ಅಂಗಡಿಯ ನೌಕರನೂ ದಿನಕ್ಕೆರಡು ಸಲ ಇದನ್ನು ಹತ್ತಬಲ್ಲರೆ?

ಅಭ್ಯಾಸ

1. ಮೇಲಿನ ಲೆಕ್ಕದಂತೆ 52 ಪ್ರಯಾಣಗಳಿಗೆ ನಿಮ್ಮ ಈಗಿನ ತಿಂಗಳ ಖರ್ಚೆಷ್ಟು? ಸಂಬಳದಲ್ಲಿ ಅದು ಎಷ್ಟನೆಯ ಪಾಲು?

2. ಬಸ್ಸಿಗೆ ಇದ್ದು ಟ್ರಾಮಿಗೆ ಇಲ್ಲದ ಅನುಕೂಲ ಯಾವುದು? ಟ್ರಾಮಿಗೆ ಇದ್ದು ಬಸ್ಸಿಗೆ ಇಲ್ಲದ ಅನುಕೂಲ ಯಾವುದು?

3. ಟ್ರಾಮು ಹತ್ತಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥವರೊಬ್ಬರನ್ನು ಕಂಡು, ಅವರು ಹತ್ತುತ್ತಿದ್ದ ನಿಲ್ದಾಣ, ಕೊಡುತ್ತಿದ್ದ ದರ, ಹೋಗುತ್ತಿದ್ದ ಕೆಲಸ ಇವನ್ನು ಒಂದು ಪುಟದಲ್ಲಿ ಬರೆದು ವಾಚನಾಲಯಕ್ಕೆ ತಂದುಕೊಡಿರಿ.