ಕೂಸಿಗೆ ವಾಂತಿ-ಭೇದಿ: ಒಳಲೆ ಹಿಡಿದವರಿಗೆ ಏಳು ಸೂತ್ರ

ನಾಗಮಂಗಲ ತಾಲ್ಲೂಕಿನ ದೇವಲಾಪುರಕ್ಕೆ, ಅತ್ತೆ ಮನೆಗೆ, ಹಬ್ಬಕ್ಕೆಂದು ಹೋದಾಗ ನನ್ನ ಒಂದೂವರೆ ವರ್ಷದ ಮಗಳಿಗೆ ವಾಂತಿ-ಭೇದಿ ಹತ್ತಿಕೊಂಡಿತು. ಆ ರಾತ್ರಿ ಕಲಿತದ್ದು, ಆಮೇಲೆ ಮಕ್ಕಳ ಡಾಕ್ಟರು ತಿದ್ದಿದ್ದು, ಎರಡೂ ಇಲ್ಲಿವೆ.

1. ಭೇದಿ ನಿಲ್ಲಿಸಲು ಹೋಗಬೇಡಿ. ವೈರಸ್ಸಿನದಾದರೆ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ದೊಡ್ಡವರ ಮಾತ್ರೆ ಅರ್ಧ ಮುರಿದು ಕೊಟ್ಟರೆ ಕೂಸಿನ ಕರುಳಿನ ಚಲನೆಯೇ ನಿಂತೀತು. ಹೋದ ನೀರು, ಉಪ್ಪು ತುಂಬಿಕೊಡುವುದಷ್ಟೇ ನಿಮ್ಮ ಕೆಲಸ.

2. ಮನೆಯ ಹಿರಿಯರ ಜೊತೆ ವಾದ ಬೇಡ. ಒಳಲೆ ಅವರ ಕೈಗೇ ಕೊಡಿ. "ನೀರ್ ಕುಡುಸ್‌ಬ್ಯಾಡ ಕಣವ್ವ, ಕುಡುಸ್ದಷ್ಟೂ ಹೋಯ್ತದೆ" ಅಂದರು ಅತ್ತೆ. ನಾನು ಹಟ ಹಿಡಿದು ಲೋಟವನ್ನೇ ಬಾಯಿಗಿಟ್ಟೆ. ಮಗು ಗಟಗಟ ಕುಡಿದು, ಅಷ್ಟನ್ನೂ ಗೋಡೆಗೆ ಚಿಮ್ಮಿಸಿತು. ಹತ್ತು ನಿಮಿಷ ಬಿಟ್ಟು ಅತ್ತೆ ತಾವೇ ಕೂಸನ್ನು ಮಡಿಲಿಗೆ ಹಾಕಿಕೊಂಡು, ಒಳಲೆಯ ಮೂತಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿ, ಹನಿಹನಿಯಾಗಿ ಇಳಿಸಿದರು. ಎರಡು ನಿಮಿಷಕ್ಕೊಂದು ಚಮಚ ಅಂದರೂ ಗಂಟೆಗೆ 150 ಮಿ.ಲೀ. ಆಯಿತು! ನಡುವೆ ದೃಷ್ಟಿ ತೆಗೆದರೆ ತೆಗೆಯಲಿ, ಎರಡು ನಿಮಿಷದ ಕೆಲಸ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆ ದ್ರಾವಣ ತುಂಬಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ. 30ರ ಆಸುಪಾಸಿನ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು.

3. ದೊಡ್ಡ ಓಆರ್‌ಎಸ್ ಪೊಟ್ಟಣ ಪೂರ್ತಿ, ಕಾಯಿಸಿ ಆರಿಸಿದ ನೀರು ಒಂದು ಲೀಟರ್ ಪೂರ್ತಿ. ಅಂದಾಜಿಗೆ ಲೋಟಕ್ಕೆ ಸುರಿಯಬೇಡಿ. ಉಪ್ಪು ಹೆಚ್ಚಾದರೆ ಅಪಾಯ. 24 ಗಂಟೆ ಕಳೆದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿ.ಲೀ.

4. ಹೆಸರು ನಂಬಿ ಮೋಸಹೋಗಬೇಡಿ. ಓಆರ್‌ಎಸ್ ಹೆಸರಿನ ಸಿಹಿ ಪಾನೀಯಗಳು ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಅವುಗಳ ಮೇಲೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ. ನಮ್ಮ ಸೀಮೆಯ ಎಳನೀರೂ ಪೂರ್ತಿ ಸಾಲದು: ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಜೊತೆಗಿರಲಿ, ಬದಲಿಗೆ ಬೇಡ.

5. ಹಸಿವಿನಲ್ಲಿ ಕೆಡವಬೇಡಿ. ಎದೆಹಾಲು ನಿಲ್ಲಿಸಬೇಡಿ. ಮೊಸರನ್ನ, ಬಾಳೆಹಣ್ಣು, ರಾಗಿ ಸರಿ, ಸೇರಿದಷ್ಟು. ಜೊತೆಗೆ ಆರು ತಿಂಗಳು ದಾಟಿದ ಕೂಸಿಗೆ ಸತುವಿನ ಮಾತ್ರೆ, ದಿನಕ್ಕೆ 20 ಮಿ.ಗ್ರಾಂ., 14 ದಿನ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮೂರನೇ ದಿನ ಭೇದಿ ನಿಂತಿತೆಂದು ಮಾತ್ರೆ ಬಿಡುವವರೇ ಹೆಚ್ಚು. ನಾನೂ ಬಿಟ್ಟಿದ್ದೆ, ಬೈಸಿಕೊಂಡೆ.

6. ಕೆಲವಕ್ಕೆ ಬೆಳಗಾಗುವವರೆಗೆ ಕಾಯಬಾರದು. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಗು ಜೋತುಬಿದ್ದು ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರಾದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಬೇಗ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. ಎಚ್ಚರವಿದ್ದು ನುಂಗುತ್ತಿದ್ದರೆ ದಾರಿಯುದ್ದಕ್ಕೂ ಚಮಚ ನಿಲ್ಲಿಸಬೇಡಿ.

7. ಉಚ್ಚೆ ಲೆಕ್ಕವಿಡಿ. ಡೈಪರ್ ಬಿಚ್ಚಿ ಹಳೇ ಪಂಚೆ ಸುತ್ತಿ. ನೀರುಭೇದಿ ತುಂಬಿದ ಡೈಪರ್‌ನಲ್ಲಿ ಉಚ್ಚೆ ಯಾವುದು, ಭೇದಿ ಯಾವುದು ಗೊತ್ತಾಗುವುದಿಲ್ಲ. ಆರು ಗಂಟೆ ಉಚ್ಚೆಯೇ ಇಲ್ಲವೆಂದರೆ ಡಾಕ್ಟರ ಬಳಿ ನಡೆಯಿರಿ. ಕೊನೆಯ ಉಚ್ಚೆಯ ಹೊತ್ತನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೆ: ಒಂದೂವರೆ. ಐದಾಯಿತು, ಐದೂಕಾಲಾಯಿತು. ಆಟೋದವನಿಗೆ ಫೋನ್ ಮಾಡುವಷ್ಟರಲ್ಲಿ ಅತ್ತೆಯ ಸೀರೆ ನೆನೆಯಿತು. ಸೆರಗು ಮೂಸಿ ನೋಡಿದರು.

"ಉಚ್ಚೆನೇ ಕಣವ್ವ, ಬರ್ಕೋ."