ಪುಡಿಯಿಂದ ಮಗನ ತೂಕ ಇಳಿದೀತೇ?

ಪ್ರಶ್ನೆ: ಕೋಲ್ಕತ್ತಾದ ಟಾಲಿಗಂಜ್‌ನಲ್ಲಿದ್ದೇವೆ. 9 ವರ್ಷದ ಮಗ 48 ಕಿಲೋ ಇದ್ದಾನೆ, ಮಲಬದ್ಧತೆಯೂ ಇದೆ. ಪರಿಚಿತರು ಸಿನ್‌ಬಯಾಟಿಕ್ ಪುಡಿ ಹೇಳಿದ್ದಾರೆ. ಕೊಡಬಹುದೇ?

ಉತ್ತರ: ತೂಕಕ್ಕೆಂದು ಬೇಡಮ್ಮಾ. ಕರುಳಿಗೆ ಹಿತವಾದ ಬ್ಯಾಕ್ಟೀರಿಯಾ, ಜೊತೆಗೆ ಅವುಗಳ ಆಹಾರವಾದ ನಾರು: ಆ ಪುಡಿಯಲ್ಲಿರುವುದು ಇಷ್ಟೇ. ಬೊಜ್ಜಿನ ಮಕ್ಕಳಲ್ಲಿ ನಡೆದ ಅಧ್ಯಯನಗಳು ಚಿಕ್ಕವು, ಫಲಿತಾಂಶವೂ ಒಂದೇ ತೆರನಾಗಿಲ್ಲ. ಆ ದುಡ್ಡಿಗೆ ಸೀಬೆಹಣ್ಣು, ಸೊಪ್ಪು, ಕಾಳು ತನ್ನಿ. ನೀರು ಚೆನ್ನಾಗಿ ಕುಡಿಸಿ. ಮಿಷ್ಟಿ ದೋಯಿ ಮೊಸರೇನೋ ಹೌದು, ಆದರೆ ಸಕ್ಕರೆಯ ಕುಡಿಕೆ! ಮನೆಯಲ್ಲೇ ಹೆಪ್ಪು ಹಾಕಿ. ಎಣ್ಣೆಯಲ್ಲಿ ಕರಿದ ಲುಚಿ ಭಾನುವಾರಕ್ಕಿರಲಿ. ರವೀಂದ್ರ ಸರೋವರ ಹತ್ತಿರವೇ ಇದೆ, ದಿನಕ್ಕೆ 1 ಗಂಟೆ ಓಡಾಡಲಿ.

ಕತ್ತಿನ ಹಿಂಭಾಗ ಕಪ್ಪಾಗಿದೆಯೇ, ನಿದ್ದೆಯಲ್ಲಿ ಗೊರಕೆಯೇ ನೋಡಿ; ತೂಕ ತೊಂದರೆ ಕೊಡುತ್ತಿರುವ ಸುಳಿವುಗಳಿವು. ಹೇಗೂ ಮಕ್ಕಳ ವೈದ್ಯರಲ್ಲಿ ಬಿಪಿ, ಸಕ್ಕರೆ, ಲಿವರ್ ಪರೀಕ್ಷೆ ಮಾಡಿಸಿ. ಪಾರ್ಕ್ ಸರ್ಕಸ್‌ನ ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್ ದೂರವಿಲ್ಲ. ಮಲದಲ್ಲಿ ರಕ್ತ, ವಾಂತಿ ಕಂಡರೆ ಅದೇ ದಿನ ಹೊರಡಿ.