ನೀರಿನೊಳಗೊಂದು ಯಂತ್ರಪಾಠ

ಕೊಳದ ತಳಕ್ಕೆ ಬಿದ್ದ ಉಂಗುರವೊಂದನ್ನು ದಡದಲ್ಲಿ ನಿಂತೇ ಯಂತ್ರದಿಂದ ಎತ್ತಿಸಬೇಕಾಗಿದೆಯೆಂದು ಭಾವಿಸೋಣ. ಪ್ಲಾಸ್ಟಿಕ್ ಕೊಳವೆಗಳ ಚೌಕಟ್ಟು, ಪಂಕಗಳನ್ನು ಜೋಡಿಸಿದ ಮೂರು ಪುಟ್ಟ ಮೋಟಾರುಗಳು, 12 ವೋಲ್ಟಿನ ಬ್ಯಾಟರಿ, ಉದ್ದನೆಯ ತಂತಿ, ಕೆಲವು ಸ್ವಿಚ್ಚುಗಳು, ತುದಿಗೊಂದು ಕೊಕ್ಕೆ: ಇಷ್ಟಿದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಗಳು ನೀರೊಳಗಿನ ರೋಬಾಟನ್ನು ಕಟ್ಟಬಲ್ಲರು. ಹೀಗೆ ಕಟ್ಟುವಾಗ ಅವರು ಏನನ್ನು ಕಲಿಯುವರೆಂಬುದನ್ನು ನೋಡೋಣ.

ಮೊದಲನೆಯದು ತೇಲುವಿಕೆ. ಪೂರ್ಣ ಮುಳುಗಿದ ಯಂತ್ರವು 3 ಲೀಟರ್ ನೀರನ್ನು ಸ್ಥಾನಪಲ್ಲಟಗೊಳಿಸುವುದಾದರೆ, ಆ ನೀರಿನ ತೂಕದಷ್ಟು, ಎಂದರೆ ಸುಮಾರು 3 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವು ಅದನ್ನು ಮೇಲಕ್ಕೆ ನೂಕುತ್ತದೆ. ಯಂತ್ರದ ತೂಕ ಇದಕ್ಕಿಂತ ಕಡಿಮೆಯಾದರೆ ಅದು ತೇಲುತ್ತದೆ. ಹೆಚ್ಚಾದರೆ ತಳ ಸೇರುತ್ತದೆ. ಸಮವಾದರೆ ಇಟ್ಟ ಆಳದಲ್ಲಿಯೇ ನಿಲ್ಲುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆರ್ಕಿಮಿಡೀಸನ ತತ್ತ್ವವು ಇಲ್ಲಿ ಕೈಗೆ ಸಿಕ್ಕುತ್ತದೆ.

ಎರಡನೆಯದು ಚಲನೆ. ಹಿಂಬದಿಯ ಎರಡು ಮೋಟಾರುಗಳೂ ಒಂದೇ ವೇಗದಿಂದ ತಿರುಗಿದರೆ ಯಂತ್ರವು ನೇರವಾಗಿ ಸಾಗುತ್ತದೆ. ಬಲಗಡೆಯದು ಮಾತ್ರ ತಿರುಗಿದರೆ ಎಡಕ್ಕೆ ಹೊರಳುತ್ತದೆ. ಮೂರನೆಯದು ಅದನ್ನು ಮೇಲೆ ಕೆಳಗೆ ಒಯ್ಯುತ್ತದೆ.

ಮೂರನೆಯ ಪಾಠವಾದ ಒತ್ತಡವೇ ಅತಿ ಕಠಿಣವಾದುದು. 10 ಮೀಟರ್ ಆಳಕ್ಕೆ ಹೋದಂತೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರ ಹೆಚ್ಚುತ್ತದೆ. 3 ಮೀಟರ್ ಆಳದಲ್ಲಿ, 10 ಸೆಂಟಿಮೀಟರ್ ಚೌಕದ ಮುಚ್ಚಳದ ಮೇಲೆ ಬೀಳುವ ಹೆಚ್ಚುವರಿ ಭಾರ 30 ಕಿಲೋಗ್ರಾಂ! ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳನುಗ್ಗಿ ವಿದ್ಯುನ್ಮಂಡಲವನ್ನು ಕೆಡಿಸುತ್ತದೆ.

2004ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ನಡೆದ ನೀರೊಳಗಿನ ರೋಬಾಟುಗಳ ಸ್ಪರ್ಧೆಯಲ್ಲಿ ಇಂತಹ ಸಂಕಟವೇ ಒದಗಿತು. ಮರುಭೂಮಿಯ ನಗರವಾದ ಫೀನಿಕ್ಸಿನ ಕಾರ್ಲ್ ಹೇಡನ್ ಪ್ರೌಢಶಾಲೆಯಿಂದ, ಮೆಕ್ಸಿಕೊದಿಂದ ವಲಸೆ ಬಂದ ಬಡ ಕುಟುಂಬಗಳ ನಾಲ್ವರು ಹುಡುಗರು ಬಂದಿದ್ದರು. ಕಾಲೇಜುಗಳ ವರ್ಗದಲ್ಲಿಯೇ ಅವರು ಹೆಸರು ನೋಂದಾಯಿಸಿದ್ದರು. ಸ್ಪರ್ಧೆಗೆ ಮುನ್ನ ಅಭ್ಯಾಸ ಮಾಡುತ್ತಿದ್ದಾಗ, ವಿದ್ಯುತ್ ಉಪಕರಣಗಳಿದ್ದ ಪೆಟ್ಟಿಗೆ ಸೋರತೊಡಗಿತು. ಹೊಸ ಪೆಟ್ಟಿಗೆಗೆ ಸಮಯವಿರಲಿಲ್ಲ. ನೀರನ್ನು ತಡೆಯಲಾಗದಿದ್ದರೆ ಹೀರಿಕೊಳ್ಳುವಂತೆ ಮಾಡಬಹುದಲ್ಲವೆ ಎಂದು ಅವರು ಯೋಚಿಸಿದರು. ಸ್ತ್ರೀಯರು ಋತುಕಾಲದಲ್ಲಿ ಬಳಸುವ, ನೀರು ಹೀರುವ ಸುರುಳಿಗಳನ್ನು ಅಂಗಡಿಯಿಂದ ತಂದು ಪೆಟ್ಟಿಗೆಯೊಳಗೆ ಇರಿಸಿದರು. ಯಂತ್ರವು ಕೆಲಸ ಮಾಡಿತು. ಪ್ರಸಿದ್ಧ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತಂಡವನ್ನೂ ಹಿಂದಿಕ್ಕಿ ಅವರು ಪ್ರಥಮ ಸ್ಥಾನ ಪಡೆದರು.

ದೋಷವಿಲ್ಲದ ಯಂತ್ರವನ್ನು ಮೊದಲ ಬಾರಿಗೇ ಯಾರೂ ಕಟ್ಟಲಾರರು. ದೋಷ ಎಲ್ಲಿದೆಯೆಂದು ಹುಡುಕಿ, ಕೈಯಲ್ಲಿರುವ ವಸ್ತುವಿನಿಂದಲೇ ಅದಕ್ಕೆ ಪರಿಹಾರ ಕಾಣುವುದು ಎಂಜಿನಿಯರನ ನಿಜವಾದ ಕೆಲಸ. ಅದನ್ನು ಕಲಿಯಲು ಒಂದು ನೀರಿನ ತೊಟ್ಟಿಯೂ ಸಾಕು. ಆದರೆ ಒಂದು ಎಚ್ಚರಿಕೆ: ಬ್ಯಾಟರಿಯನ್ನೇ ಬಳಸಬೇಕು, ಮನೆಯ ವಿದ್ಯುತ್ತನ್ನು ನೀರಿನ ಬಳಿಗೆ ಎಂದಿಗೂ ತರಬಾರದು.